ಪಾಠವನ್ನು ಓದುವ ಪಾಠ

ಅಥಣಿಯಿಂದ ಪೂರ್ವಕ್ಕೆ ತೆಲಸಂಗದ ದಾರಿ ಹಿಡಿದರೆ ಕೃಷ್ಣೆಯ ದಂಡೆಯ ಕಬ್ಬಿನ ಹಸುರು ಬಲುಬೇಗ ಹಿಂದುಳಿಯುತ್ತದೆ. ಮುಂದೆ ಮಡ್ಡಿಯ ನೆಲ. ಅಲ್ಲಲ್ಲಿ ಕೊಳವೆಬಾವಿಯ ನೀರನ್ನು ನಂಬಿ ನಿಂತ ದ್ರಾಕ್ಷಿಯ ತೋಟಗಳು. 2008ರ ಸುಮಾರಿಗೆ, ಅಂಥದೊಂದು ತೋಟಕ್ಕೆ ಕೂಲಿಗೆ ಹೋಗುತ್ತಿದ್ದ ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ಒಂದು ಸಂಜೆ ನಮ್ಮ ಮನೆಯ ಕಟ್ಟೆಗೆ ಬಂದು ಕುಳಿತನು. ಮೋರೆ ಬಾಡಿತ್ತು. ಹಿಂದಿನ ವಾರ ಬಳ್ಳಿಗೆ ಔಷಧ ಹೊಡೆಯುವಾಗ ತಲೆ ತಿರುಗಿ ಬಿದ್ದು, ಎರಡು ದಿನ ಆಸ್ಪತ್ರೆಯಲ್ಲಿ ಮಲಗಿ ಎದ್ದು ಬಂದಿದ್ದನು. ಅಂಗಿಯ ಕಿಸೆಯಿಂದ ನಾಲ್ಕಾರು ಮಡಿಕೆಯ ತೆಳ್ಳನೆಯ ಕಾಗದವೊಂದನ್ನು ತೆಗೆದನು. ಔಷಧದ ಬಾಟಲಿಯ ಜೊತೆಗೆ ಬರುವ ಮಾಹಿತಿಪತ್ರ ಅದು.

"ಇದನ್ನೊಂದೀಟು ನೋಡ್ರಿ ಸರ" ಎಂದನು.

"ನೀನಽ ಓದಪಾ. ನಿನ್ನ ಓದು ನನಗೇನು ಗೊತ್ತಿಲ್ಲೇನು?" ಎಂದೆ.

ಅವನು ಓದಿದನು. ಶಾಲೆಯಲ್ಲಿ ಆಗಸ್ಟ್ ಹದಿನೈದರ ಭಾಷಣವನ್ನು ಓದುವುದಕ್ಕೆ ನಾವು ತಪ್ಪದೆ ಆರಿಸುತ್ತಿದ್ದ ಹುಡುಗ. ಒತ್ತಕ್ಷರಗಳಲ್ಲಿ ಎಡವಲಿಲ್ಲ, ಉದ್ದನೆಯ ಸಮಾಸಗಳನ್ನು ಒಂದೇ ಉಸಿರಿನಲ್ಲಿ ದಾಟಿದನು. ಕೊನೆಯ ಸಾಲನ್ನು ಮುಗಿಸಿ, ಕಾಗದವನ್ನು ಮೊಣಕಾಲ ಮೇಲಿಟ್ಟು, ನನ್ನ ಮುಖ ನೋಡಿ ಕೇಳಿದನು:

"ಏನಂತ್ರಿ ಸರ, ಇದರಾಗ?"

ಒಂದು ಲೀಟರ್ ನೀರಿಗೆ ಎಷ್ಟು ಔಷಧ ಬೆರೆಸಬೇಕು, ಗಾಳಿಗೆ ಎದುರಾಗಿ ನಿಂತು ಏಕೆ ಹೊಡೆಯಬಾರದು, ಕೈಗವಸು ಏಕೆ ಬೇಕು, ಹೊಡೆದ ಮೇಲೆ ಎಷ್ಟು ದಿನ ಹಣ್ಣು ಕೊಯ್ಯಬಾರದು — ಎಲ್ಲವೂ ಅದರಲ್ಲಿತ್ತು. ಬಾಟಲಿಯ ಮೇಲೆ ಓರೆಯಾಗಿ ನಿಂತ ಚೌಕದ ಕೆಳಗಿನ ಅರ್ಧದ ಬಣ್ಣವು ವಿಷದ ತೀವ್ರತೆಯನ್ನು ತಿಳಿಸುತ್ತದೆ: ಕೆಂಪು ಎಲ್ಲಕ್ಕಿಂತ ಕಠೋರ, ಆಮೇಲೆ ಹಳದಿ, ನೀಲಿ, ಹಸುರು. ಅಷ್ಟನ್ನೂ ಅವನೇ ನನ್ನೆದುರು ಗಟ್ಟಿಯಾಗಿ ಓದಿದ್ದನು. ಅಷ್ಟರಲ್ಲಿ ಒಂದೂ ಅವನನ್ನು ಮುಟ್ಟಿರಲಿಲ್ಲ. ಏಳನೆಯ ಇಯತ್ತೆಯಲ್ಲಿ ಅವನಿಗೆ ವಿಜ್ಞಾನವನ್ನೂ ಸಮಾಜಶಾಸ್ತ್ರವನ್ನೂ ಕಲಿಸಿದ ಮಾಸ್ತರನು ನಾನೇ. ನನ್ನ ವಿಷಯದಲ್ಲಿ ಅವನಿಗೆ ನೂರಕ್ಕೆ ಎಪ್ಪತ್ತರ ಮೇಲೆ ಅಂಕಗಳು ಬರುತ್ತಿದ್ದುವು. ಆ ರಾತ್ರಿ ನನಗೆ ಸರಿಯಾಗಿ ನಿದ್ರೆ ಬರಲಿಲ್ಲವೆಂದರೆ ಓದುಗರು ಅದನ್ನು ಅಲಂಕಾರದ ಮಾತೆಂದು ತಿಳಿಯಬಾರದು.

* * *

ನಾನು ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳ ಸೀಮೆಯಲ್ಲಿ ಮೂವತ್ತು ವರ್ಷಕ್ಕೂ ಮಿಕ್ಕಿ ಹಿರಿಯ ಪ್ರಾಥಮಿಕ ಶಾಲೆಗಳಲ್ಲಿ ಕೆಲಸ ಮಾಡಿದವನು. ಈ ಸೀಮೆಯಲ್ಲಿ ಕನ್ನಡ ಶಾಲೆಯೆಂಬುದು ಸುಮ್ಮನೆ ಬಂದುದಲ್ಲ. ಹತ್ತೊಂಬತ್ತನೆಯ ಶತಮಾನದ ನಡುಗಾಲದಲ್ಲಿ ಮುಂಬಯಿ ಇಲಾಖೆಯ ಕನ್ನಡ ಜಿಲ್ಲೆಗಳ ಎಷ್ಟೋ ಶಾಲೆಗಳಲ್ಲಿ ಪಾಠ ನಡೆಯುತ್ತಿದ್ದುದು ಮರಾಠಿಯಲ್ಲಿ. 1881ರಲ್ಲಿ ತೀರಿಕೊಂಡ ಡೆಪ್ಯುಟಿ ಚೆನ್ನಬಸಪ್ಪನವರು ಊರೂರು ತಿರುಗಿ ಕನ್ನಡ ಶಾಲೆಗಳನ್ನು ನಿಲ್ಲಿಸಿದರು. ಮಾಸ್ತರರಿಗೆಂದೇ ಬೆಳಗಾವಿಯಿಂದ 'ಮಠಪತ್ರಿಕೆ' ಹೊರಟಿತು. ಮಠವೆಂದರೆ ಆಗ ಶಾಲೆಯೆಂದೇ ಅರ್ಥ. ವೆಂಕಟ ರಂಗೋ ಕಟ್ಟಿಯವರು 1893ರಲ್ಲಿ ಮುಂಬಯಿ ಕರ್ನಾಟಕದ ನೆಲ, ಜಲ, ಬೆಳೆ, ಊರುಗಳನ್ನೆಲ್ಲ ಕನ್ನಡದಲ್ಲಿ ವರ್ಣಿಸಿ ದೊಡ್ಡದೊಂದು ಗ್ಯಾಝೆಟಿಯರನ್ನು ಕೊಟ್ಟರು. ಭೂಗೋಲ, ಗಣಿತ, ಚರಿತ್ರೆಗಳು ಕನ್ನಡದಲ್ಲಿ ಇರಬೇಕೆಂಬುದು ಆ ಹಿರಿಯರ ಹಂಬಲವಾಗಿತ್ತು. ಅವರು ಅದನ್ನು ಸಾಧಿಸಿದರು. ಇಂದು ಪುಸ್ತಕಗಳಿಗೆ ಕೊರತೆಯಿಲ್ಲ. ಮಗುವಿನ ಚೀಲದ ಭಾರವೇ ಸಾಕ್ಷಿ. ಆ ಪುಸ್ತಕವನ್ನು ಮಗು ತಾನಾಗಿ ಓದಿ ಅದರಿಂದ ಕಲಿಯಬಲ್ಲುದೇ ಎಂಬ ಪ್ರಶ್ನೆ ಮಾತ್ರ ನಮ್ಮ ಪಾಲಿಗೆ ಉಳಿದಿದೆ.

ನಮ್ಮ ತಂದೆ ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾದವರು. ಊರಿನಲ್ಲಿ ಯಾರಿಗೆ ಉತಾರ ಬರಲಿ, ಖರೀದಿಪತ್ರ ಬರಲಿ, ಅದು ನಮ್ಮ ಕಟ್ಟೆಗೆ ಬರುತ್ತಿತ್ತು. ತಂದೆಯವರು ಅದನ್ನು ಮೊದಲು ಮನಸ್ಸಿನಲ್ಲಿಯೇ ಎರಡು ಸಲ ಓದಿ, ಆಮೇಲೆ ಊರ ಮಾತಿನಲ್ಲಿ, "ನೋಡಪಾ, ಹಿಂಗೈತಿ" ಎಂದು ಬಿಡಿಸಿ ಹೇಳುತ್ತಿದ್ದರು. ಅಂದಿನ ಶಿಕ್ಷಣವೇ ಶ್ರೇಷ್ಠವೆಂದು ಹಾಡುವವನು ನಾನಲ್ಲ. ಮುಲ್ಕಿಯವರೆಗೆ ತಲುಪಿದವರು ಊರಿಗೆ ಒಬ್ಬರೋ ಇಬ್ಬರೋ. ಆದರೆ ಓದುವುದೆಂದರೆ ಬಿಡಿಸಿ ಹೇಳಬಲ್ಲಷ್ಟು ತಿಳಿಯುವುದು ಎಂಬ ಮಾತು ಅವರಿಗೆ ಹೊಳೆದಿತ್ತು. ಅವರ ಮಗನಾಗಿ, ಡಿ.ಎಡ್. ಮಾಡಿ ಮಾಸ್ತರನಾದ ನನಗೆ ಅದು ಹೊಳೆದಿರಲಿಲ್ಲ.

ನನ್ನ ಪಾಠದ ಕ್ರಮವೇನಿತ್ತು? ಒಬ್ಬ ಹುಡುಗನನ್ನು ಎಬ್ಬಿಸಿ ಗಟ್ಟಿಯಾಗಿ ಓದಿಸುವುದು. ನಡುನಡುವೆ ನಾನು ವಿವರಿಸುವುದು. ಕಠಿಣ ಶಬ್ದಗಳ ಅರ್ಥವನ್ನು ಕರಿಹಲಗೆಯ ಮೇಲೆ ಬರೆಯುವುದು. ಪಾಠದ ಕೊನೆಯ ಪ್ರಶ್ನೆಗಳಿಗೆ ಉತ್ತರಗಳನ್ನು ಹೇಳಿ ಬರೆಸುವುದು. ನನ್ನ ವಿವರಣೆಯಲ್ಲಿ ಉತ್ಸಾಹವಿತ್ತು, ಮಕ್ಕಳಿಗೂ ಅದು ರುಚಿಸುತ್ತಿತ್ತು. ಆದರೆ ಮಕ್ಕಳು ಕಲಿಯುತ್ತಿದ್ದುದು ನನ್ನ ಬಾಯಿಂದ, ಪುಸ್ತಕದಿಂದಲ್ಲ. ಪುಸ್ತಕದಲ್ಲಿ ಉತ್ತರದ ಸಾಲುಗಳಿಗೆ ಪೆನ್ಸಿಲಿನ ಗೆರೆ ಬಿದ್ದ ಮೇಲೆ ಉಳಿದ ಸಾಲುಗಳ ಕಡೆಗೆ ಯಾರೂ ತಿರುಗಿ ನೋಡುತ್ತಿರಲಿಲ್ಲ. ಎಂಟನೆಯ ತರಗತಿ ಮುಗಿಸಿ ಶಾಲೆ ಬಿಡುವ ಹುಡುಗನ ಜೊತೆಗೆ ನನ್ನ ಬಾಯಿ ಹೋಗುವುದಿಲ್ಲವೆಂಬ ಸಾದಾ ಮಾತು ನನಗೆ ತಿಳಿಯುವುದಕ್ಕೆ ಇಪ್ಪತ್ತು ವರ್ಷ ಬೇಕಾದುವು.

ತಿಳಿಯದೆಯೇ ಸರಿಯುತ್ತರ ಬರೆಯುವುದು ಎಷ್ಟು ಸುಲಭವೆಂಬುದನ್ನು ವಾಚಕರೇ ಪರೀಕ್ಷಿಸಿ ನೋಡಬಹುದು. "ಗಿರಕವು ತಂಬಲದ ಬುಡದಲ್ಲಿ ಚಿಮುರುತ್ತದೆ." ಈ ಸಾಲಿನಲ್ಲಿ ಅರ್ಥವೇನೂ ಇಲ್ಲ, ಗಿರಕ, ತಂಬಲಗಳು ನಾನು ಈಗ ಹುಟ್ಟಿಸಿದ ಶಬ್ದಗಳು. ಗಿರಕವು ಎಲ್ಲಿ ಚಿಮುರುತ್ತದೆ ಎಂದು ಕೇಳಿದರೆ "ತಂಬಲದ ಬುಡದಲ್ಲಿ" ಎಂದು ಯಾರಾದರೂ ಬರೆದಾರು. ಎರಡು ಅಂಕಗಳೂ ಬಂದಾವು. ವಿಭಕ್ತಿಪ್ರತ್ಯಯಗಳನ್ನು ಹಿಡಿದುಕೊಂಡು ಪ್ರಶ್ನೆಯಿಂದ ಉತ್ತರಕ್ಕೆ ಜಿಗಿಯುವ ಈ ಚಾತುರ್ಯವನ್ನು ನಮ್ಮ ಮಕ್ಕಳು ಐದನೆಯ ತರಗತಿಯೊಳಗೇ ಸಂಪಾದಿಸುತ್ತಾರೆ. ಅದನ್ನೇ ನಾವು ಓದು ಎಂದು ತಪ್ಪಾಗಿ ತಿಳಿದಿದ್ದೇವೆ.

ಈ ತಪ್ಪು ನನ್ನೊಬ್ಬನದೇ ಅಲ್ಲವೆಂಬುದು ಆಮೇಲೆ ಪುಸ್ತಕಗಳನ್ನು ಹುಡುಕಿಕೊಂಡು ಓದಿದಾಗ ತಿಳಿಯಿತು. ಅಮೆರಿಕದ ಜೀನ್ ಚಾಲ್ ಎಂಬ ವಿದುಷಿ 1983ರಲ್ಲಿ ಓದಿನ ಮೆಟ್ಟಿಲುಗಳನ್ನು ಕುರಿತು ಬರೆಯುತ್ತ, ಓದುವುದನ್ನು ಕಲಿಯುವುದು ಒಂದು ಘಟ್ಟ, ಓದಿನ ಮೂಲಕ ಕಲಿಯುವುದು ಅದರ ಮುಂದಿನ ಬೇರೊಂದು ಘಟ್ಟವೆಂದು ವಿವರಿಸಿದರು. ಮೊದಲನೆಯದು ಬಂದವರಿಗೆಲ್ಲ ಎರಡನೆಯದು ತಾನಾಗಿ ಬಂದುಬಿಡುವುದಿಲ್ಲ. ಇಂಗ್ಲೆಂಡಿನಲ್ಲಿ ಬುಲಕ್ ಸಮಿತಿ 1975ರಲ್ಲಿಯೇ, ಭಾಷೆಯ ಹೊಣೆ ಎಲ್ಲ ವಿಷಯಗಳ ಶಿಕ್ಷಕರಿಗೂ ಸೇರಿದ್ದೆಂದು ಸಾರಿತು. ನಮ್ಮ 2005ರ ರಾಷ್ಟ್ರೀಯ ಪಠ್ಯಕ್ರಮದ ಚೌಕಟ್ಟೂ ಅದೇ ಮಾತನ್ನು ಹೇಳಿತು. ಶಾಲೆಯಲ್ಲಿ ಮಾತ್ರ ಕನ್ನಡದ ಮಾಸ್ತರರು "ವಿಜ್ಞಾನದ ಪಾಠ ಓದಿಸುವುದು ನನ್ನ ಕೆಲಸವಲ್ಲ" ಎನ್ನುತ್ತಾರೆ. ವಿಜ್ಞಾನದ ಮಾಸ್ತರರು "ಓದಲು ಕಲಿಸುವುದು ನನ್ನ ಕೆಲಸವಲ್ಲ" ಎನ್ನುತ್ತಾರೆ. ಇಬ್ಬರ ಹೊಲದ ನಡುವಿನ ಬದುವಿನ ಮೇಲೆ ಮಗು ನಿಂತಿರುತ್ತದೆ. ಅಳೆಯುವವರೂ ಆ ಬದುವನ್ನು ದಾಟುವುದು ಕಡಿಮೆ: ಗ್ರಾಮೀಣ ಮಕ್ಕಳ ಓದನ್ನು 2005ರಿಂದ ಅಳೆಯುತ್ತ ಬಂದಿರುವ 'ಅಸರ್' ಸಮೀಕ್ಷೆಯಲ್ಲಿ ಓದಿನ ಅತಿ ಮೇಲಿನ ಮೆಟ್ಟಿಲು ಎರಡನೆಯ ತರಗತಿಯ ಮಟ್ಟದ ಒಂದು ಕಥೆ. ಅದನ್ನು ಓದಬಲ್ಲ ಏಳನೆಯ ತರಗತಿಯ ಮಗು ಏಳನೆಯ ತರಗತಿಯ ವಿಜ್ಞಾನವನ್ನು ಓದಬಲ್ಲುದೆಂದು ಅದರಿಂದ ಸಿದ್ಧವಾಗುವುದಿಲ್ಲ.

* * *

ಕಥೆಯನ್ನು ಓದಿ ಆನಂದಿಸುವ ಮಗು ವಿಜ್ಞಾನದ ಪುಟದಲ್ಲಿ ಏಕೆ ಮುಗ್ಗರಿಸುತ್ತದೆ? ಆ ಸಂಜೆಯ ಬಳಿಕ ನಾನು ನನ್ನ ಪಾಠಪುಸ್ತಕಗಳನ್ನು ವಿದ್ಯಾರ್ಥಿಯ ಕಣ್ಣಿನಿಂದ ಓದತೊಡಗಿದೆ.

ಮೊದಲನೆಯ ಕಷ್ಟ ವಾಕ್ಯದ್ದು. ಒಂದು ಮಾದರಿಯನ್ನು ನೋಡಿ: "ನದಿಯು ತನ್ನ ಮೇಲ್ಕಣಿವೆಯಲ್ಲಿ ಕೊರೆದು ಹೊತ್ತು ತಂದು ಕೆಳಗಿನ ಬಯಲಿನಲ್ಲಿ ಹರಡುವ ನಯವಾದ ಮಣ್ಣನ್ನು ಮೆಕ್ಕಲು ಮಣ್ಣು ಎಂದು ಕರೆಯುತ್ತಾರೆ." ಕನ್ನಡದಲ್ಲಿ ಕ್ರಿಯಾಪದವು ಕೊನೆಗೆ ಬರುತ್ತದೆ, ವಿಶೇಷಣಗಳೆಲ್ಲ ಹೆಸರಿನ ಮುಂದೆ ಸಾಲುಗಟ್ಟುತ್ತವೆ. 'ಮಣ್ಣು' ಎಂಬ ಮಾತು ಬರುವವರೆಗೆ ಮಗು ಅಷ್ಟೂ ಹೊರೆಯನ್ನು ತಲೆಯ ಮೇಲೆ ಹೊತ್ತು ನಿಲ್ಲಬೇಕು. ನಮಗೆ ಇದು ಅಭ್ಯಾಸವಾಗಿದೆ. ಹನ್ನೆರಡು ವರ್ಷದ ಮಗುವಿಗಲ್ಲ. ಆದುದರಿಂದ ಇಂಥ ವಾಕ್ಯವನ್ನು ನಾವು ಬಿಚ್ಚಿ ಕಟ್ಟುವ ಆಟವನ್ನಾಡಿದೆವು. ನದಿ ಏನು ಮಾಡುತ್ತದೆ? ಕೊರೆಯುತ್ತದೆ. ಎಲ್ಲಿ? ಮೇಲಿನ ಕಣಿವೆಯಲ್ಲಿ. ಆಮೇಲೆ? ಹೊತ್ತು ತರುತ್ತದೆ. ಆಮೇಲೆ? ಹರಡುತ್ತದೆ. ಏನನ್ನು? ಮಣ್ಣನ್ನು. ಆ ಮಣ್ಣಿಗೆ ಹೆಸರೇನು? ಹೀಗೆ ಒಂದು ವಾಕ್ಯವು ಐದು ಸಣ್ಣ ವಾಕ್ಯಗಳಾಗುತ್ತಿತ್ತು. ಮತ್ತೆ ಮಕ್ಕಳೇ ಅವನ್ನು ಹೆಣೆದು ಒಂದಾಗಿಸುತ್ತಿದ್ದರು. ವಾರಕ್ಕೆ ಎರಡು ವಾಕ್ಯಗಳಾದರೂ ಸಾಕು. ಎರಡು ತಿಂಗಳಾದ ಮೇಲೆ, ನನ್ನನ್ನು ಕೇಳದೆಯೇ ಬೆರಳಿಟ್ಟು ವಾಕ್ಯವನ್ನು ಬಿಡಿಸಿಕೊಳ್ಳುವ ಮಕ್ಕಳನ್ನು ನಾನು ಕಂಡೆ.

ಎರಡನೆಯ ಕಷ್ಟ ಶಬ್ದದ್ದು. ಗೊತ್ತಿಲ್ಲದ ಶಬ್ದಕ್ಕಿಂತ ಗೊತ್ತಿದೆಯೆಂದು ತೋರುವ ಶಬ್ದವೇ ಹೆಚ್ಚು ಮೋಸ ಮಾಡುತ್ತದೆ. 'ಘರ್ಷಣೆ' ಎಂಬ ಪಾಠಕ್ಕೆ ಮುಂಚೆ ಅದರ ಅರ್ಥ ಕೇಳಿದಾಗ ಹುಡುಗರು ಒಕ್ಕೊರಲಿನಿಂದ "ಹೊಡದಾಟರಿ ಸರ!" ಎಂದರು. ಪತ್ರಿಕೆಯಲ್ಲಿ ಎರಡು ಗುಂಪುಗಳ ನಡುವಿನ ಘರ್ಷಣೆಯನ್ನೇ ಅವರು ಕೇಳಿದ್ದುದು. ಚಕ್ಕಡಿಯ ಗಾಲಿಗೂ ನೆಲಕ್ಕೂ ನಡುವೆ ಯಾವ ಹೊಡೆದಾಟವೆಂದು ಅವರು ಬೆರಗಾದದ್ದು ಸಹಜ. 'ಕೋಶ'ವು ಚರಿತ್ರೆಯಲ್ಲಿ ರಾಜನ ಬೊಕ್ಕಸ, ಕನ್ನಡದಲ್ಲಿ ಶಬ್ದಗಳ ಭಂಡಾರ, ಜೀವಶಾಸ್ತ್ರದಲ್ಲಿ ಜೀವದ ಕಿರುಮನೆ, ವಿದ್ಯುತ್ತಿನ ಪಾಠದಲ್ಲಿ ಬ್ಯಾಟರಿಯ ಶೆಲ್. ಒಂದೇ ದಿನದ ನಾಲ್ಕು ತಾಸುಗಳಲ್ಲಿ ಒಂದೇ ಶಬ್ದ ನಾಲ್ಕು ವೇಷ ಹಾಕಿಕೊಂಡು ಬಂದರೆ ಮಗುವಿಗೆ ಯಾರು ಪರಿಚಯ ಮಾಡಿಕೊಡಬೇಕು?

ಗಣಿತದಲ್ಲಿಯಂತೂ ಒಂದು ಪ್ರತ್ಯಯವೇ ಲೆಕ್ಕವನ್ನು ಕೆಡಿಸುತ್ತದೆ. ರಾಯಬಾಗದ ಕಡೆಯ ಹಳ್ಳಿಯಲ್ಲಿದ್ದಾಗ ಒಬ್ಬ ಹುಡುಗಿ ನನ್ನನ್ನು ಕಣ್ತೆರೆಸಿದಳು. "ಇಪ್ಪತ್ತರಿಂದ ನಾಲ್ಕನ್ನು ಕಳೆ" ಎಂದರೆ ದೊಡ್ಡದು ಇಪ್ಪತ್ತು. ಅದರೊಳಗಿಂದ ನಾಲ್ಕು ಹೋಗಬೇಕು. ಆಕೆ ಅದೇ ಜಾಡಿನಲ್ಲಿ "ನಾಲ್ಕರಿಂದ ಇಪ್ಪತ್ತನ್ನು ಭಾಗಿಸು" ಎಂಬಲ್ಲಿ ನಾಲ್ಕನ್ನು ಇಪ್ಪತ್ತು ಪಾಲು ಮಾಡಲು ಹೊರಟಿದ್ದಳು. ತಪ್ಪೆಂದು ಗದರಿಸಿದಾಗ, "ಕಳೀ ಅಂದಾಗ 'ರಿಂದ' ಇದ್ದದ್ದರೊಳಗಿಂದ ತಗೀರಿ ಅಂದ್ರಿ, ಭಾಗಿಸು ಅಂದಾಗ 'ರಿಂದ' ಇದ್ದದ್ದು ಬ್ಯಾರೆ ಯಾಕರಿ?" ಎಂದಳು. ಪಂಚಮಿಗೂ ತೃತೀಯೆಗೂ ಒಂದೇ ರೂಪವಿರುವುದನ್ನು ವ್ಯಾಕರಣದ ತಾಸಿನಲ್ಲಿ ಕಂಠಪಾಠ ಮಾಡಿದ ನಾನು, ಗಣಿತದ ತಾಸಿನಲ್ಲಿ ಅದನ್ನು ನೆನೆಯಲಿಲ್ಲ. ಆ ಹುಡುಗಿಗೆ ಭಾಗಾಕಾರ ಚೆನ್ನಾಗಿ ಬರುತ್ತಿತ್ತು. ತಂದೆಯ ಕಬ್ಬಿನ ತೂಕದ ಚೀಟಿಯನ್ನು ಅವಳೇ ಲೆಕ್ಕ ಹಾಕುತ್ತಿದ್ದಳು. ಅವಳು ಸೋತದ್ದು ಓದಿನಲ್ಲಿ. ನಾವು ದಡ್ಡತನವೆಂದು ಗುರುತು ಹಾಕುವ ಎಷ್ಟೋ ತಪ್ಪುಗಳು ಇಂಥವೇ ಇರಬೇಕು.

ಇನ್ನು ನಿಪ್ಪಾಣಿಯ ಕಡೆಗೆ ಹೋದರೆ ಮಾತಿನ ಪ್ರಶ್ನೆಯೇ ಬೇರೆ. ಅಲ್ಲಿ ಎಷ್ಟೋ ಮನೆಗಳಲ್ಲಿ ಮರಾಠಿ, ಪೇಟೆಯಲ್ಲಿ ಎರಡೂ, ಕೆಲವರ ಮನೆಯಲ್ಲಿ ಉರ್ದು. ಸರಕಾರವು ಕನ್ನಡ, ಮರಾಠಿ, ಉರ್ದು ಮಾಧ್ಯಮಗಳಲ್ಲಿ ಪಾಠಪುಸ್ತಕಗಳನ್ನು ಅಚ್ಚು ಹಾಕಿಸುತ್ತದೆ, ನಿಜ. ಆದರೆ ಕನ್ನಡ ಶಾಲೆಗೆ ಬಂದ ಮರಾಠಿ ಮನೆಯ ಮಗುವಿಗೂ, ಅಚ್ಚ ಕನ್ನಡ ಮನೆಯಿಂದ ಬಂದ ಮಗುವಿಗೂ ಪುಸ್ತಕದ ಗ್ರಾಂಥಿಕ ಕನ್ನಡವು ಹೊಸದೇ. ಮೊದಲೆಲ್ಲ ನಾನು "ಇಲ್ಲಿ ಮರಾಠಿ ಮಾತಾಡಬಾರದು" ಎನ್ನುತ್ತಿದ್ದೆ. ಒಂದು ದಿನ ಎಲೆಗಳು ಆಹಾರವನ್ನು ತಯಾರಿಸುವ ಪಾಠದಲ್ಲಿ 'ದ್ಯುತಿಸಂಶ್ಲೇಷಣೆ' ಎಂಬ ಶಬ್ದ ಬಂದಾಗ ಕನ್ನಡದ ಮಕ್ಕಳೆಲ್ಲ ಬಾಯಿ ಬಿಟ್ಟು ಕುಳಿತಿದ್ದರು. ಹಿಂದಿನ ಸಾಲಿನ ಒಬ್ಬ ಹುಡುಗ ಮೆಲ್ಲಗೆ, "ಪ್ರಕಾಶಸಂಶ್ಲೇಷಣ ಅಂತಾರರಿ ಸರ, ನಮ್ಮ ಅಕ್ಕನ ಮರಾಠಿ ಪುಸ್ತಕದಾಗ" ಎಂದನು. ಪ್ರಕಾಶವೆಂದರೆ ಬೆಳಕೆಂದು ಇಡೀ ತರಗತಿಗೆ ಗೊತ್ತು! ದ್ಯುತಿಯೂ ಬೆಳಕೇ. ಬೆಳಕಿನಿಂದ ಕೂಡಿಸಿ ಕಟ್ಟುವುದು — ಶಬ್ದದ ಬೀಗ ತೆರೆಯಿತು. ಕೀಲಿಕೈಯನ್ನು ತಂದವನು ನಾನು ಸುಮ್ಮನಿರಿಸುತ್ತಿದ್ದ ಹುಡುಗ. ಗಡಿಯ ಮಕ್ಕಳ ಎರಡು ಭಾಷೆಗಳನ್ನು ಎರಡು ತೊಡಕುಗಳೆಂದು ಎಣಿಸುವುದನ್ನು ನಾನು ಅಂದು ಬಿಟ್ಟೆ.

* * *

ಮನೆಯ ಮಾತಿನಿಂದ ಪುಸ್ತಕದ ಮಾತಿಗೆ ಸೇತುವೆ ಕಟ್ಟುವುದೇ ಮಾಸ್ತರನ ಕೆಲಸವೆಂದು ತಿಳಿದ ಮೇಲೆ ಸೇತುವೆಗೆ ಬೇಕಾದ ಕಲ್ಲುಗಳು ಎಲ್ಲೆಡೆಯೂ ಕಾಣತೊಡಗಿದುವು. ಚಿಕ್ಕೋಡಿಯ ಹಳ್ಳಿಯೊಂದರಲ್ಲಿ ಆಮ್ಲ, ಪ್ರತ್ಯಾಮ್ಲಗಳ ಪಾಠವನ್ನು ತೆಗೆಯುವ ಮುನ್ನ, "ಬೆಲ್ಲದ ಗಾಣದಾಗ ಕುದಿಯೋ ಹಾಲಿಗೆ ಸುಣ್ಣ ಯಾಕ ಹಾಕತಾರ?" ಎಂದು ಕೇಳಿದೆ. ಕಬ್ಬಿನ ರಸಕ್ಕೆ ಅಲ್ಲಿ ಹಾಲು ಎನ್ನುತ್ತಾರೆ. ಕೊಪ್ಪರಿಗೆಗೆ ಸುಣ್ಣ ಹಾಕುವುದನ್ನೂ, ಬೆಂಡೆಯ ಗಿಡದ ಲೋಳೆಯನ್ನು ಬೆರೆಸಿ ಮೇಲೆ ಬಂದ ಕೊಳೆಯನ್ನು ತೆಗೆಯುವುದನ್ನೂ ನೋಡದ ಮಗುವಿರಲಿಲ್ಲ. "ಬೆಲ್ಲ ಚಲೋ ಆಗತೈತಿ" ಎಂದರು. ಏಕೆಂದು ಯಾರಿಗೂ ತಿಳಿಯದು. "ಪುಸ್ತಕದ ಈ ಎರಡು ಪುಟಗಳಲ್ಲಿ ಉತ್ತರವಿದೆ. ಗಾಣದ ಹೆಸರು ಅಲ್ಲಿಲ್ಲ. ಹುಡುಕಿರಿ" ಎಂದು ಸುಮ್ಮನೆ ಕುಳಿತೆ. ಸುಮ್ಮನೆ ಕೂಡುವುದು ಮಾಸ್ತರನಿಗೆ ಎಷ್ಟು ಕಷ್ಟವೆಂಬುದು ಮಾಸ್ತರರಿಗೇ ಗೊತ್ತು. ಹದಿನೈದು ನಿಮಿಷದ ಮೇಲೆ ಒಬ್ಬಳು ಎದ್ದು, ಕಬ್ಬಿನ ಹಾಲಿನಲ್ಲಿ ಆಮ್ಲವಿರಬೇಕು, ಸುಣ್ಣ ಪ್ರತ್ಯಾಮ್ಲವೆಂದು ಇಲ್ಲಿ ಬರೆದಿದೆ, ಎರಡೂ ಕೂಡಿದರೆ ತಟಸ್ಥವಾಗುತ್ತದೆಂದು ಮುಂದಿನ ಪುಟದಲ್ಲಿದೆ ಎಂದಳು. ಎರಡು ಪುಟಗಳ ಎರಡು ಸಂಗತಿಗಳನ್ನು ಜೋಡಿಸಿ, ಪುಸ್ತಕದಲ್ಲಿಲ್ಲದ ಮೂರನೆಯದನ್ನು ಕಂಡಿದ್ದಳು. ಕಬ್ಬಿನ ರಸವು ತುಸು ಆಮ್ಲಗುಣದ್ದೇ. ಆಮ್ಲ ಉಳಿದರೆ ಕಾಯಿಸುವಾಗ ಸಕ್ಕರೆಯ ಅಂಶ ಒಡೆದು ಬೆಲ್ಲ ಗಟ್ಟಿಯಾಗದು. ಅಷ್ಟನ್ನು ಮಾತ್ರ ನಾನು ಸೇರಿಸಿದೆ.

ಅಥಣಿಯಲ್ಲಿ ಇದೇ ಪಾಠಕ್ಕೆ ಚಪ್ಪಲಿ ಮಾಡುವ ಮನೆಯ ಹುಡುಗನೊಬ್ಬನು ಗುರುವಾದನು. ತೊಗಲನ್ನು ಸುಣ್ಣದ ನೀರಿನಲ್ಲಿ ನೆನೆಯಿಟ್ಟು ಕೂದಲು ತೆಗೆಯುವುದು, ಜಾಲಿಯ ತೊಗಟೆ ಮತ್ತು ಅಳಲೆಕಾಯಿಯಿಂದ ಹದ ಮಾಡುವುದು ಅವನಿಗೆ ಮೊದಲ್ಗೊಂಡು ಕೊನೆಯವರೆಗೆ ತಿಳಿದಿತ್ತು. 2019ರಲ್ಲಿ ಕೊಲ್ಹಾಪುರಿ ಚಪ್ಪಲಿಗೆ ಸಿಕ್ಕ ಭೌಗೋಲಿಕ ಗುರುತಿನಲ್ಲಿ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆಗೆ ನಮ್ಮ ಬೆಳಗಾವಿಯೂ ಸೇರಿ ಕರ್ನಾಟಕದ ನಾಲ್ಕು ಜಿಲ್ಲೆಗಳಿಗೆ ಪಾಲಿದೆ. ಆ ಸುದ್ದಿಯನ್ನು ಪತ್ರಿಕೆಯಿಂದ ಕತ್ತರಿಸಿ ತಂದು ತರಗತಿಯಲ್ಲಿ ಓದಿದವನು ಅವನೇ. ಅಂದಿನವರೆಗೆ ಅವನು ಓದುವುದಕ್ಕೆ ಎದ್ದು ನಿಂತದ್ದನ್ನು ನಾನು ಕಂಡಿರಲಿಲ್ಲ.

ಚರಿತ್ರೆಯ ಪಾಠದ ಓದು ಇನ್ನೊಂದು ಬಗೆ. ಅಲ್ಲಿ ಕಾರಣ, ಘಟನೆ, ಪರಿಣಾಮಗಳ ಸರಪಳಿಯನ್ನು ಹಿಡಿಯಬೇಕು. ಹೇಳುತ್ತಿರುವವರು ಯಾರೆಂದು ಕೇಳಬೇಕು. ನಿಪ್ಪಾಣಿಯ ಮಕ್ಕಳಿಗೆ 1981ರ ತಂಬಾಕು ರೈತರ ಚಳವಳಿಯನ್ನು ಮನೆಯ ಹಿರಿಯರಿಂದ ಕೇಳಿ ಬರೆದು ತರಲು ಹೇಳಿದೆ. ನ್ಯಾಯವಾದ ಬೆಲೆಗಾಗಿ ರೈತರು ಪುಣೆ–ಬೆಂಗಳೂರು ಹೆದ್ದಾರಿಯ ಮೇಲೆ ಕುಳಿತದ್ದು, ಏಪ್ರಿಲ್ ತಿಂಗಳಿನ ಗೋಲಿಬಾರಿನಲ್ಲಿ ಪ್ರಾಣಗಳು ಹೋದದ್ದು ಅಲ್ಲಿಯ ಮುದುಕರ ನೆನಪಿನಲ್ಲಿ ಹಸಿಯಾಗಿದೆ. ರೈತನ ಮೊಮ್ಮಗ ತಂದ ಕಥೆಗೂ, ಬೀಡಿ ಕಟ್ಟುವ ಅಜ್ಜಿಯ ಮೊಮ್ಮಗಳು ತಂದ ಕಥೆಗೂ ಅಂತರವಿತ್ತು. ಎರಡನ್ನೂ ಎದುರಿಗಿಟ್ಟುಕೊಂಡು ಕುಳಿತ ಮಕ್ಕಳು, ಪುಸ್ತಕದ ದಂಡೀ ಸತ್ಯಾಗ್ರಹದ ಪಾಠಕ್ಕೆ ಬಂದಾಗ "ಇದನ್ನ ಯಾರು ನೋಡಿ ಬರದಾರರಿ?" ಎಂದು ಕೇಳಿದರು. ಚರಿತ್ರೆಯನ್ನು ಓದಲು ಬರುವುದೆಂದರೆ ಇದೇ ಅಲ್ಲವೇ?

* * *

ಈ ಕ್ರಮಕ್ಕೆ ಕಠಿಣ ಪರೀಕ್ಷೆ ಬಂದುದು 2019ರ ಆಗಸ್ಟಿನಲ್ಲಿ. ಆಗ ನಾನು ಕಾಗವಾಡದ ಕಡೆಯ ಕೃಷ್ಣೆಯ ದಂಡೆಯ ಹಳ್ಳಿಯೊಂದರಲ್ಲಿದ್ದೆ. 2005ರ ಮಹಾಪೂರವನ್ನು ಕಂಡವರೂ ಬೆದರುವಂತೆ ಹೊಳೆ ಏರಿತು. ಊರವರು ದನಕರುಗಳೊಡನೆ ಎತ್ತರದ ಕಡೆಗೆ ಹೋದರು. ನೀರಿಳಿದ ಮೇಲೆ ಶಾಲೆಯ ಬಾಗಿಲು ತೆರೆದಾಗ ನೆಲದ ಮೇಲೆ ನುಣ್ಣನೆಯ ಕೆಸರು ಹಾಸಿತ್ತು. ಪುಸ್ತಕಗಳು ಉಬ್ಬಿ ಒಂದಕ್ಕೊಂದು 
ಅಂಟಿಕೊಂಡಿದ್ದುವು. ಮಕ್ಕಳು ಅವನ್ನು ಬಿಸಿಲಿನಲ್ಲಿ ಹರವಿ, ಹಾಳೆಗಳನ್ನು ಒಂದೊಂದಾಗಿ ಬಿಡಿಸಿ ಒಣಗಿಸಿದರು.

ಆಗ ಏಳನೆಯ ತರಗತಿಯ ಹುಡುಗನೊಬ್ಬ ಕೇಳಿದನು: "ಸರ, ನಮ್ಮಲ್ಲಿ ಮಳೀನಽ ಅಷ್ಟು ಆಗಿಲ್ಲ. ಹೊಳಿ ಯಾಕ ಬಂತು?"

ಉತ್ತರ ನನಗೆ ಗೊತ್ತಿತ್ತು. ನಾಲಗೆಯ ತುದಿಗೆ ಬಂದಿತ್ತು. ನುಂಗಿಕೊಂಡೆ. ನದಿಗಳ ಪಾಠದ ಹಾಳೆಯನ್ನೂ ನಕಾಶೆಯನ್ನೂ ಅವರ ಮುಂದಿಟ್ಟೆ. ನಾಲ್ವರು ನಾಲ್ವರಾಗಿ ಗುಂಪು ಕಟ್ಟಿ ಕುಳಿತರು. ಅಮೆರಿಕದ ಪಾಲಿಂಕ್ಸಾರ್ ಮತ್ತು ಬ್ರೌನ್ ಎಂಬ ಇಬ್ಬರು ವಿದುಷಿಯರು 1984ರಲ್ಲಿ ಪ್ರಕಟಿಸಿದ ಒಂದು ಪ್ರಯೋಗವನ್ನು ನಾನು ಓದಿದ್ದೆ. ಅವರ ಮಕ್ಕಳೂ ಏಳನೆಯ ತರಗತಿಯವರೇ. ಅಕ್ಷರ ಓದಬಲ್ಲವರು, ಅರ್ಥ ಹಿಡಿಯಲಾರದವರು. ಒಂದು ಭಾಗವನ್ನು ಓದಿದೊಡನೆ ಅದರ ಸಾರವನ್ನು ಹೇಳುವುದು, ಅದರ ಮೇಲೆ ಪ್ರಶ್ನೆ ಕೇಳುವುದು, ತಿಳಿಯದ್ದನ್ನು ಬಿಡಿಸಿಕೊಳ್ಳುವುದು, ಮುಂದೇನು ಬರಬಹುದೆಂದು ಊಹಿಸುವುದು — ಈ ನಾಲ್ಕನ್ನು ಮೊದಲು ಶಿಕ್ಷಕರು ಮಾಡಿ ತೋರಿಸಿ, ಬರುಬರುತ್ತ ಮಕ್ಕಳ ಕೈಗೇ ಒಪ್ಪಿಸುತ್ತಿದ್ದರು. ನಾನೂ ಅದನ್ನೇ ನಮ್ಮ ಹಳ್ಳಿಗೆ ಒಗ್ಗಿಸಿಕೊಂಡಿದ್ದೆ. ಗುಂಪಿನಲ್ಲಿ ಒಬ್ಬ ಸರದಿಯಂತೆ 'ಮಾಸ್ತರ'ನಾಗುತ್ತಿದ್ದನು.

'ಜಲಾನಯನ ಪ್ರದೇಶ' ಎಂಬಲ್ಲಿ ಎಲ್ಲ ಗುಂಪುಗಳೂ ನಿಂತುವು. ಜಲ ಗೊತ್ತು, ಆನಯನವೆಂದರೇನು? ತರುವುದು. ನೀರನ್ನು ತರುವ ನೆಲ. ಎಲ್ಲಿಂದ ತರುತ್ತದೆ? ಬೆರಳುಗಳು ನಕಾಶೆಯ ಮೇಲೆ ಹೊಳೆಗೆ ಎದುರಾಗಿ ಏರಿದುವು. ದೂಧಗಂಗಾ, ವೇದಗಂಗಾ, ಪಂಚಗಂಗಾ, ಕೊಯ್ನಾ. ಎಲ್ಲವೂ ಪಶ್ಚಿಮದ ಘಟ್ಟದಿಂದ ಬಂದವು. ಘಟ್ಟದ ಮೇಲಿನ ಮಹಾಬಳೇಶ್ವರದಲ್ಲಿ ವರ್ಷಕ್ಕೆ ಐದು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ. ಮಳೆಯ ನೆರಳಿನಲ್ಲಿರುವ ನಮ್ಮ ಸೀಮೆಗೆ ಅದರಲ್ಲಿ ಒಂದು ಸಣ್ಣ ಪಾಲು. "ಅಂದ್ರ ಮಳಿ ಅಲ್ಲಿದು, ನೀರು ನಮಗ!" ಎಂದು ಹುಡುಗನು ಕೂಗಿದನು. ಸ್ವಲ್ಪ ಹೊತ್ತಿನ ಮೇಲೆ, ಎಂದೂ ಹೆಚ್ಚು ಮಾತನಾಡದ ಹುಡುಗಿಯೊಬ್ಬಳು ಬಾಗಿಲ ಹೊರಗೆ ಬೊಟ್ಟು ಮಾಡಿ, "ಸರ, ಸಾಲ್ಯಾಗಿಂದ ಬಳದು ಹೊರಗ ಹಾಕಿದ ರಾಡಿ, ಅದಽ ಏನ್ರಿ ಮೆಕ್ಕಲು ಮಣ್ಣು?" ಎಂದಳು.

ಮೆಕ್ಕಲು ಮಣ್ಣಿನ ಪ್ರಶ್ನೋತ್ತರವನ್ನು ನಾನು ಇಪ್ಪತ್ತು ವರ್ಷ ಬರೆಸಿದ್ದೆ. ನದಿಯ ದಂಡೆಯಲ್ಲಿಯೇ ಹುಟ್ಟಿ ಬೆಳೆದ ನೂರಾರು ಮಕ್ಕಳು ಅದನ್ನು ತಪ್ಪಿಲ್ಲದೆ ಬರೆದು ಅಂಕ ಪಡೆದಿದ್ದರು. ತಮ್ಮ ಕಾಲ ಕೆಳಗಿನ ಮಣ್ಣೇ ಅದೆಂದು ಕೇಳಿದವಳು ಇವಳೊಬ್ಬಳು. 2021ರಲ್ಲಿ ಮತ್ತೆ ಹೊಳೆ ಏರಿದಾಗ, ಕೊಯ್ನೆಯಿಂದ ಎಷ್ಟು ನೀರು ಬಿಟ್ಟರೆಂಬ ಪತ್ರಿಕೆಯ ಸುದ್ದಿಯನ್ನು ಮನೆಯವರಿಗೆ ಓದಿ ಅರ್ಥ ಹೇಳುತ್ತಿದ್ದವರಲ್ಲಿ ಆ ತರಗತಿಯ ಮಕ್ಕಳಿದ್ದರೆಂದು ಅವರ ಮನೆಯವರೇ ನನಗೆ ಹೇಳಿದರು.

* * *

ಇಷ್ಟು ಹೇಳಿದ ಮೇಲೆ ನನ್ನ ಸೋಲುಗಳನ್ನೂ ಹೇಳತಕ್ಕದ್ದೇ. ಈ ಕ್ರಮ ನಿಧಾನದ್ದು. ಎರಡು ಪಾಠ ಮುಗಿಯುವ ಹೊತ್ತಿಗೆ ಒಂದು ಮುಗಿಯುತ್ತದೆ. "ಪಾಠ ಹಿಂದೆ ಬಿದ್ದಿದೆ" ಎಂಬ ಮಾತನ್ನು ಮೇಲಿನವರಿಂದ ಕೇಳಿದ್ದೇನೆ. ಪರೀಕ್ಷೆ ಹತ್ತಿರ ಬಂದಾಗ ಹೆದರಿ ಮತ್ತೆ ಪ್ರಶ್ನೋತ್ತರ ಬರೆಸಿದ್ದೂ ಉಂಟು. ಅಕ್ಷರಗಳಲ್ಲಿಯೇ ಹಿಂದುಳಿದ ಮಕ್ಕಳಿಗೆ ಗುಂಪಿನ ಓದು ಸಾಲದು. ಅವರನ್ನು ಬೇರೆ ಕೂಡ್ರಿಸಿ ಮೊದಲಿನಿಂದ ಕಲಿಸಬೇಕು. ಅದಕ್ಕೆ ನನಗೆ ಹೊತ್ತು ಸಾಲಲಿಲ್ಲ. ಕಬ್ಬಿನ ಹಂಗಾಮಿಗೆ ತಂದೆತಾಯಿಗಳೊಡನೆ ಹೋದ ಮಕ್ಕಳ ಜಾಗವು ತಿಂಗಳುಗಟ್ಟಲೆ ಬರಿದಾಗಿರುತ್ತಿತ್ತು. ಪಾಠಪುಸ್ತಕದ ವಾಕ್ಯಗಳೂ ಎಷ್ಟೋ ಕಡೆ ವೃಥಾ ಬಿಗಿಯಾಗಿವೆ. 1936ರಲ್ಲಿಯೇ 'ಬಾಲಪ್ರಪಂಚ'ದಲ್ಲಿ ಶಿವರಾಮ ಕಾರಂತರು ಲೋಕದ ಸಂಗತಿಗಳನ್ನೆಲ್ಲ ಮಕ್ಕಳಿಗೆ ಕನ್ನಡದಲ್ಲಿ ಹೇಳಿದರು. ಕನ್ನಡಕ್ಕೆ ಆ ಕಸುವಿಲ್ಲವೆಂದು ಯಾರೂ ಹೇಳುವಂತಿಲ್ಲ.

ಆದರೂ ಪುಸ್ತಕವನ್ನು ಬದಿಗಿಟ್ಟು, ಟಿಪ್ಪಣಿ ಬರೆಸಿ, ಸುಲಭ ಮಾಡಿಬಿಡೋಣ ಎನ್ನುವ ದಯೆ ನನಗೆ ಒಪ್ಪಿಗೆಯಿಲ್ಲ. ಕಡ್ಡಾಯ ಶಿಕ್ಷಣದ ಕಾನೂನು ಮಗುವನ್ನು ಹದಿನಾಲ್ಕರವರೆಗೆ ಕಾಯುತ್ತದೆ. ಆಮೇಲೆ ಎಷ್ಟೋ ಮಕ್ಕಳು ತೋಟಕ್ಕೆ, ಗಾಣಕ್ಕೆ, ಕಾರ್ಖಾನೆಗೆ, ಗಂಡನ ಮನೆಗೆ ಹೋಗುತ್ತಾರೆ. ಅಲ್ಲಿ ಅವರಿಗೆ ಎದುರಾಗುವ ಕಾಗದಗಳು — ಸಾಲದ ಪತ್ರ, ಔಷಧದ ಚೀಟಿ, ಪರಿಹಾರದ ಅರ್ಜಿ — ಯಾವುವೂ ಕಥೆಯ ಭಾಷೆಯಲ್ಲಿರುವುದಿಲ್ಲ. ವಿಜ್ಞಾನ, ಗಣಿತ, ಪೌರನೀತಿಯ ಪಾಠಗಳ ಭಾಷೆಯಲ್ಲಿಯೇ ಇರುತ್ತವೆ. ಆರು, ಏಳು, ಎಂಟನೆಯ ತರಗತಿಗಳ ಮೂರು ವರ್ಷಗಳಲ್ಲಿ ಆ ಭಾಷೆಯನ್ನು ಓದಲು ಕಲಿಸದಿದ್ದರೆ ಮತ್ತೆ ಕಲಿಸುವವರು ಯಾರೂ ಸಿಗುವುದಿಲ್ಲ.

ನಾನು ನಿವೃತ್ತನಾಗುವುದಕ್ಕೆ ಸ್ವಲ್ಪ ಮೊದಲು ಅಥಣಿಯ ಮನೆಗೆ ಬಂದಿದ್ದಾಗ ನನ್ನ ಆ ಹಳೆಯ ವಿದ್ಯಾರ್ಥಿ ಮಗಳೊಡನೆ ಬಂದಿದ್ದನು. ಅವಳಿಗೆ ಆಗ ಏಳನೆಯ ತರಗತಿ. ನನ್ನ ಕೈಯಲ್ಲಿ ಕಲಿತವಳಲ್ಲ. ನನ್ನೊಡನೆ ಈ ಕ್ರಮವನ್ನು ಚರ್ಚಿಸುತ್ತಿದ್ದ ತರುಣ ಶಿಕ್ಷಕಿಯೊಬ್ಬರ ಶಾಲೆಯವಳು. ತಂದೆಯ ಕಿಸೆಯಲ್ಲಿ ಆಗಲೂ ಅಂಥದೇ ಒಂದು ಮಡಿಸಿದ ಕಾಗದವಿತ್ತು. "ಓದವಾ, ಅಜ್ಜಾರಿಗೆ ಕೇಳಸಲಿ" ಎಂದನು.

ಅವಳ ಓದು ತಂದೆಯ ಓದಿನಂತೆ ಸರಾಗವಾಗಿರಲಿಲ್ಲ. ಎರಡು ಕಡೆ ತಡವರಿಸಿದಳು. ಒಂದು ಸಾಲನ್ನು ಅರ್ಧಕ್ಕೆ ನಿಲ್ಲಿಸಿ ಮತ್ತೆ ಮೊದಲಿನಿಂದ ಓದಿಕೊಂಡಳು. ಆಮೇಲೆ ಕಾಗದದಿಂದ ತಲೆಯೆತ್ತಿ ತಂದೆಯ ಕಡೆಗೆ ತಿರುಗಿದಳು.

"ಅಪ್ಪಾ, ನೀ ಹ್ವಾದ ಸೋಮವಾರ ಹೊಡದಿ ಅಲ್ಲಾ? ಹಂಗಾರ ಈ ವಾರ ಹಣ್ಣು ಹರೀಬ್ಯಾಡ್ರಿ ಅಂತ ಮಾಲಕರಿಗೆ ಹೇಳು. ಇನ್ನಾ ದಿನಾ ಅದಾವ."